ಗೇಟಿನ ಪುಸ್ತಕದಲ್ಲಿ ನನ್ನ ಸಹಿ

ತಿಪಟೂರು
೧೯ ಆಗಸ್ಟ್ ೨೦೨೫

ಪ್ರೀತಿಯ ಜೀವಿತಕ್ಕಾ,

ಹೇಗಿದ್ದೀಯ? ಪುಟ್ಟಿಯ ಕೆಮ್ಮು ಹೋಯಿತಾ? ಭಾವನ ಬೆನ್ನುನೋವು? ನೀನು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಮುದ್ದೆ ತಿರುವುತ್ತಾ ಮಾತಾಡುವವಳು. ಇದನ್ನು ನಿನ್ನ ಅತ್ತೆಯೂ ಕೇಳಿಸಿಕೊಳ್ಳುವುದು ಬೇಡವೆಂದು ಕಾಗದ ಬರೆಯುತ್ತಿದ್ದೇನೆ. ನಗಬೇಡ.

ನೀನು ಓದಿದ ಹೆಣ್ಮಕ್ಕಳ ಕಾಲೇಜಿಗೆ ಈ ವರ್ಷದಿಂದ ಹುಡುಗರನ್ನೂ ಸೇರಿಸಿಕೊಂಡಿದ್ದಾರಲ್ಲ, ನಾನೂರು ಹುಡುಗಿಯರ ನಡುವೆ ನಾವು ಮೂವರು. ನೀನು ರೇಗಿಸಿದಷ್ಟು ಮಜವೇನಿಲ್ಲ. ಶಾಂತಕುಮಾರಿ ಮೇಡಂ ಈಗಲೂ 'ಏನ್ರಮ್ಮಾ' ಎಂದೇ ಪಾಠ ಶುರುಮಾಡುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಮೊನ್ನೆ ಜ್ವರ ಬಂದು ಮಧ್ಯಾಹ್ನವೇ ಹೊರಟರೆ ಗೇಟಿನ ದುರ್ಗಯ್ಯ ಬಿಡಲಿಲ್ಲ. ಕೊನೆಯ ಬೆಲ್ಲಿಗೆ ಮುಂಚೆ ಹೋಗಬೇಕಾದರೆ ಮನೆಯ ಗಂಡಸು ಬಂದು ಪುಸ್ತಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು, ನಿನಗೆ ಗೊತ್ತಿರುವುದೇ. 'ನಾನೇ ಗಂಡಸಲ್ವಾ' ಎಂದೆ. 'ನೀನಿಲ್ಲಿ ಸ್ಟೂಡೆಂಟು ಕಣಪ್ಪ, ರೂಲ್ಸು ಎಲ್ರಿಗೂ ಒಂದೇ. ಕೂತ್ಕೊ' ಎಂದ.

ಅಪ್ಪ ಕೊಬ್ಬರಿ ಹರಾಜು ಮುಗಿಸಿ ಬರುವವರೆಗೆ ಕೂತೆ. ದುರ್ಗಯ್ಯನ ಬುತ್ತಿಯ ಕೆಳಗಿದ್ದ ಹಳೆಯ ಪುಸ್ತಕ ತಿರುವಿಹಾಕಿದೆ. ಮೂರು ವರ್ಷದ ಹಿಂದಿನ ಪುಟದಲ್ಲಿ ನಿನ್ನ ಹೆಸರು. ಕಾರಣ: ಅಜ್ಜಿಗೆ ಹುಷಾರಿಲ್ಲ. ಸಂಬಂಧ: ತಮ್ಮ. ಪಕ್ಕದಲ್ಲಿ ನನ್ನ ಸಹಿ, ಹತ್ತನೇ ಕ್ಲಾಸಿನ ಸೊಟ್ಟ ಅಕ್ಷರ. ಅಂದು ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎರಡನೇ ವರ್ಷದ ಬಿಕಾಂ ಓದುತ್ತಿದ್ದ ನಿನ್ನನ್ನು ಹದಿನೈದರ ಹುಡುಗನ ಹಿಂದೆ ಕಳುಹಿಸಿಬಿಟ್ಟರು. ದಾರಿಯುದ್ದಕ್ಕೂ ನೀನು 'ಅಜ್ಜಿ ಮಾತಾಡ್ತೈತೇನ್ಲಾ?' ಎಂದು ಕೇಳುತ್ತಲೇ ಇದ್ದೆ. ಮನೆಯಲ್ಲಿ ಅಜ್ಜಿ ಗಂಡಿನ ಕಡೆಯವರಿಗೆ ಚಕ್ಕುಲಿ ಕೊಡುತ್ತಿದ್ದಳು. ಆಮೇಲೆ ನೀನು ಕಾಲೇಜಿನ ಕಡೆಗೆ ಹೋಗಲೇ ಇಲ್ಲ.

ಅಕ್ಕಾ, ಅಪ್ಪ ನನಗೂ ಸುಳ್ಳು ಹೇಳಿದ್ದರು ಎಂದು ನೀನು ಇಂದಿಗೂ ನಂಬಿದ್ದೀಯ. ಇಲ್ಲ. ನನಗೆ ಗೊತ್ತಿತ್ತು. ಬೆಳಿಗ್ಗೆ ಆ ಚಕ್ಕುಲಿಗೆ ಎಣ್ಣೆ ತಂದವನೇ ನಾನು. ಮನೆಯ ಗಂಡಸಾಗಿ ಸಹಿ ಹಾಕುವ ಜಂಬದಲ್ಲಿ ಓಡಿಬಂದಿದ್ದೆ.

ಅಪ್ಪ ಬಂದವರೇ 'ಗಂಡು ಹುಡುಗನ್ನ ಕರ್ಕೊಂಡೋಗಕ್ಕೂ ಸೈನಾ?' ಎಂದು ದುರ್ಗಯ್ಯನ ಮೇಲೆ ರೇಗಿದರು. ನಾನು ಆ ಪುಟ ತೋರಿಸಿದೆ. ಓದಿ, ಹೊಸ ಪುಸ್ತಕ ಎಳೆದುಕೊಂಡು ಸಹಿ ಹಾಕಿದರು.

ಬಯ್ಯುವುದಿದ್ದರೆ ಹೊಟ್ಟೆ ತುಂಬ ಬೈದು ಬರೆ. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಮ್ಮ,
ಮೋಕ್ಷಿತ್

ತಾ.ಕ.: ಓದು ಅರ್ಧಕ್ಕೆ ಬಿಟ್ಟವರು ಮತ್ತೆ ಸೇರುವ ಅರ್ಜಿ ಇದರೊಳಗಿದೆ. ಮೂವತ್ತನೇ ತಾರೀಖು ಕೊನೆ. 'ಬಿಟ್ಟ ಕಾರಣ' ಎಂಬಲ್ಲಿ ನಾನೇ ತುಂಬಿದ್ದೇನೆ: ತಮ್ಮ ಸುಳ್ಳು ಹೇಳಿ ಕರೆದುಕೊಂಡು ಹೋದ. ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಆಫೀಸಿನಲ್ಲಿ ಎರಡು ಸಲ ಕೇಳಿದೆ, ನಿನ್ನದೊಂದೇ ಸಾಕಂತೆ.