ದಿಣ್ಣೆ ಹೊಲದ ಕಲ್ಲು

ಮಂಡಿಕಲ್
೨೦-೮-೨೦೨೫, ಬುಧವಾರ

ಪ್ರೀತಿಯ ಅತ್ತಮ್ಮನಿಗೆ,

ಯಾಮಿನಿಯ ನಮಸ್ಕಾರಗಳು. ನಿಮ್ಮ ಮಂಡಿನೋವು ಈಗ ಹೇಗಿದೆ? ಭಾನು ಮನೆಯ ಮೆಟ್ಟಿಲು ತೀರ ಕಡಿದು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಇಳಿಯುವಾಗ ಮಕ್ಕಳಲ್ಲಿ ಯಾರದಾದರೂ ಕೈ ಹಿಡಿದೇ ಇಳಿಯಿರಿ. ಬಿ.ಪಿ. ಮಾತ್ರೆ ಮುಗಿದಿದ್ದರೆ ಅಳಿಯನ ಕೈಲಿ ಹೇಗೆ ತರಿಸುವುದು ಎಂದು ಸಂಕೋಚಪಟ್ಟುಕೊಂಡು ಸುಮ್ಮನಿರಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಕೆಂದಹಸು ಹೆಣ್ಣುಗರು ಹಾಕಿದೆ. ಗಿಣ್ಣು ಕಾಯಿಸಿದಾಗ ನಿಮ್ಮ ಮಗ ಒಂದು ಬಟ್ಟಲು ನಿಮಗೆಂದು ಎತ್ತಿಟ್ಟು, ಆಮೇಲೆ ಅದನ್ನು ಮುಚ್ಚಿಟ್ಟು ಡೇರಿಗೆ ಹೋದರು.

ಫೋನಿದ್ದೂ ಕಾಗದ ಯಾಕೆ ಎಂದುಕೊಳ್ಳುತ್ತೀರಿ. ಫೋನು ಭಾನುವಿನದು, ಅದು ಯಾವಾಗಲೂ ಸ್ಪೀಕರ್‌ನಲ್ಲೇ ಇರುತ್ತದೆ. ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಸುತ್ತ ಇರುತ್ತಾರೆ. ಇದು ನೀವೊಬ್ಬರೇ ಓದಬೇಕಾದ ಕಾಗದ. ಒತ್ತಕ್ಷರ ಬಂದರೆ ನೀವು ತಡವರಿಸುತ್ತೀರಲ್ಲ, ಅದಕ್ಕೇ ಇಷ್ಟು ದಪ್ಪಗೆ ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಭಾನು ಓದಿಕೊಡುತ್ತೇನೆ ಎಂದರೂ ಕೊಡಬೇಡಿ. ನಿಧಾನವಾಗಿ, ಬೇಕಾದರೆ ಎರಡು ದಿನ ತೆಗೆದುಕೊಂಡು ಓದಿ.

ನಾನು ಹೊಳೆದಂಡೆಯ ಊರಿನವಳು, ಅತ್ತಮ್ಮ. ನೀವೀಗ ಇರುವ ಗೌರಿಬಿದನೂರಿನ ಕಡೆಯ ಮಣ್ಣೇ ನಾನು ಆಡಿ ಬೆಳೆದದ್ದು. ಮರಳು ಬೆರೆತ ಮಣ್ಣು, ನೀರು ಬಿದ್ದರೆ ಸದ್ದಿಲ್ಲದೆ ಇಂಗುತ್ತದೆ, ಕೈಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ಉದುರಿಹೋಗುತ್ತದೆ. ನಮ್ಮ ದಿಣ್ಣೆ ಹೊಲದಂಥದ್ದನ್ನು ಮದುವೆಯಾಗಿ ಬಂದ ಮೇಲೇ ಕಂಡದ್ದು. ಕೆಂಪು ಜೇಡಿ, ಅದರ ಮೈತುಂಬ ಕಲ್ಲು. ಮಳೆ ಬಂದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುವಷ್ಟು ಜಿಗಟು, ನಾಲ್ಕು ಬಿಸಿಲು ಕಂಡರೆ ಸುಟ್ಟ ಇಟ್ಟಿಗೆಯ ಹಾಗೆ. ಉಳುವುದಕ್ಕೆ ಹದ ಎನ್ನುವುದು ನಡುವೆ ಒಂದೆರಡು ದಿನ ಬಂದು ಹೋಗಿಬಿಡುತ್ತದೆ. ಆಗಲೂ ನೇಗಿಲಿನ ಗುಳಕ್ಕೆ ಕಲ್ಲು ತಗುಲಿ ಹಲ್ಲು ಜುಂ ಎನ್ನುತ್ತದೆ. ಮೊದಲ ವರ್ಷ ನಿಮ್ಮ ಜೊತೆ ಕಳೆ ಕೀಳಲು ಬಂದಾಗ ನಿಮ್ಮ ಹೆಬ್ಬೆರಳಿನ ಉಗುರು ಎದ್ದುಹೋಗಿ ರಕ್ತ ಸುರಿಯುತ್ತಿತ್ತು. ಮಣ್ಣು ಮೆತ್ತಿಕೊಂಡು, "ಈ ಕಲ್ಲುಗಳ ಕೈಲಿ ಆಗಲ್ಲ ಕಣೇ, ಇವನ್ನ ಆಯೋಕೆ ಇನ್ನೊಂದು ಜನ್ಮ ಎತ್ಬೇಕು" ಅಂದಿರಿ. ನಾನು ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಮೇ ತಿಂಗಳಲ್ಲಿ ನೀವು ಚಿಂತಾಮಣಿಗೆ ಮದುವೆಗೆ ಹೋದಿರಲ್ಲ, ಆಗಲೇ ಟ್ರ್ಯಾಕ್ಟರ್‌ಗೆ ಕಟ್ಟುವ ಕಲ್ಲು ಆಯುವ ಯಂತ್ರ ಶಿಡ್ಲಘಟ್ಟದ ಕಡೆ ಬಂದಿದೆಯೆಂದು ಗೊತ್ತಾಯಿತು. ನಿಮ್ಮ ಮಗ "ಅಮ್ಮ ಬರ್ಲಿ, ಒಂದ್ಮಾತು ಕೇಳಣ" ಎಂದರು. ನಾನೇ ಒಪ್ಪಲಿಲ್ಲ. ನೀವು ವಾಪಸು ಬಂದು ಬದುವಿನ ಮೇಲೆ ನಿಂತು ಬಾಯಿಯ ಮೇಲೆ ಕೈಯಿಟ್ಟುಕೊಳ್ಳಬೇಕು, ಅದನ್ನು ನಾನು ನೋಡಬೇಕು ಎಂಬ ಆಸೆ. ಇಡೀ ಹೊಲ ಬಾಚಿಸಿದೆ. ಹೊಂಗೆ ಮರದ ಮೂಲೆಯಲ್ಲಿ ನೀವು ಯಾವತ್ತೂ ಉಳಲು ಬಿಡುತ್ತಿರಲಿಲ್ಲ. "ಅಲ್ಲಿ ಕಲ್ಲು ಜಾಸ್ತಿ, ಬಿಟ್ಬಿಡಿ" ಅನ್ನುತ್ತಿದ್ದಿರಿ. ಕಲ್ಲು ಜಾಸ್ತಿ ಎಂದಿದ್ದಿರಲ್ಲ ಎಂದು ನೆನೆದು, ಆ ಮೂಲೆಯನ್ನು ಇನ್ನೊಂದು ಸುತ್ತು ಹೊಡೆಯಿರಿ ಎಂದು ಡ್ರೈವರಿಗೆ ನಾನೇ ಹೇಳಿದೆ. ಮುಂದೆ ನಡೆದು ಹೋಗಿ ಜಾಗ ತೋರಿಸಿದವಳೂ ನಾನೇ.

ನೀವು ಬಂದಿರಿ. ಬದುವಿನ ಮೇಲೆ ಬಹಳ ಹೊತ್ತು ನಿಂತಿರಿ. ಆಮೇಲೆ ಚಪ್ಪಲಿ ಕಳಚಿಟ್ಟು ಹೊಲದ ಉದ್ದಕ್ಕೂ, ಹೊಂಗೆ ಮರದವರೆಗೂ ಬರಿಗಾಲಲ್ಲಿ ನಡೆದಿರಿ. ಅಲ್ಲಿ ಬಗ್ಗಿ ಅತ್ತ ಇತ್ತ ಕೈಯಾಡಿಸಿದಿರಿ. ಕಲ್ಲಿಲ್ಲದ ನೆಲವನ್ನು ಮುಟ್ಟಿ ನೋಡುತ್ತಿದ್ದೀರಿ ಎಂದುಕೊಂಡು ನಾನು ದೂರದಲ್ಲಿ ಹಿಗ್ಗಿ ನಿಂತಿದ್ದೆ. ಹತ್ತಿರ ಬಂದು ನನ್ನ ತಲೆ ಸವರಿ, "ಚೆನ್ನಾಗ್ ಮಾಡ್ದೆ ಕಣಮ್ಮ. ಇನ್ಮೇಲೆ ಎಡವಲ್ಲ" ಎಂದಿರಿ. ಅವತ್ತು ಊಟ ಬೇಡವೆಂದಾಗ ಪ್ರಯಾಣದ ಸುಸ್ತು ಎಂದುಕೊಂಡೆ. ಆಮೇಲೆ "ಭಾನು ಮನೇಲಿ ನಾಲ್ಕ್ ದಿನ ಇದ್ದು ಬರ್ತೀನಿ" ಎಂದು ಚೀಲ ಹಿಡಿದು ಹೊರಟಿರಿ. ಮೇ ಹೋಯಿತು, ಆಷಾಢ ಹೋಯಿತು, ಶ್ರಾವಣವೂ ಮುಗಿಯುತ್ತಾ ಬಂತು. ಮುಂದಿನ ವಾರ ಗೌರಿ ಹಬ್ಬ. ನೀವು ಯಾಕೆ ಬರುತ್ತಿಲ್ಲ ಎಂದು ನಾನು ಏನೇನೋ ಊಹಿಸಿದೆ. ನನ್ನ ಅಡುಗೆ, ನನ್ನ ಮಾತು, ಎಲ್ಲದರಲ್ಲೂ ತಪ್ಪು ಹುಡುಕಿಕೊಂಡೆ. ಆ ಹೊಲ ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಫೋನಿನಲ್ಲಿ ನೀವು ಕೇಳಿದಾಗೆಲ್ಲ ರಾಗಿ ಚೆನ್ನಾಗಿದೆ ಎಂದೆ. ಅದು ಸುಳ್ಳು. ಬಿತ್ತಿದ ಮೇಲೆ ಒಂದು ಜೋರು ಮಳೆ ಹೊಡೆಯಿತು. ಕಲ್ಲಿದ್ದಾಗ ಹನಿ ಕಲ್ಲಿನ ಮೇಲೆ ಬಿದ್ದು ಒಡೆದು, ಪಕ್ಕದ ಸಂದಿಯಲ್ಲಿ ಇಳಿಯುತ್ತಿತ್ತಂತೆ. ಈ ಸಲ ನೇರವಾಗಿ ಜೇಡಿಯ ಮೇಲೇ ಬಡಿಯಿತು. ಮಣ್ಣು ಕಲಸಿದ ಹಿಟ್ಟಿನಂತಾಗಿ, ಬಿಸಿಲಿಗೆ ಚಕ್ಕೆ ಕಟ್ಟಿ, ಇಡೀ ಹೊಲ ಸಾರಿಸಿದ ಅಂಗಳದ ಹಾಗೆ ನುಣ್ಣಗಾಯಿತು. ಉಗುರಿನಿಂದ ಚಕ್ಕೆ ಎಬ್ಬಿಸಿದರೆ ಕೆಳಗೆ ಮೊಳಕೆಗಳು ದಾರಿಯಿಲ್ಲದೆ ಬಾಗಿ, ಬೆಳ್ಳಗೆ ಸುತ್ತಿಕೊಂಡು ಬಿದ್ದಿದ್ದವು. ಬದುವಿನ ಪಕ್ಕ ಯಂತ್ರ ತಿರುಗದ ಒಂದು ಪಟ್ಟಿ ಉಳಿದಿತ್ತಲ್ಲ, ಅಲ್ಲಿ ಮಾತ್ರ ಒಂದೊಂದು ಕಲ್ಲಿನ ಸುತ್ತಲೂ ಹಸಿರು ಎದ್ದಿತ್ತು. ಕಲ್ಲೆತ್ತಿದರೆ ಅಡಿಯಲ್ಲಿ ಇನ್ನೂ ತಂಪು. ನಿಮ್ಮ ಮಗನೂ ನಾನೂ ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹೊಲದಲ್ಲಿ ಆಯ್ದ ಕಲ್ಲನ್ನು ಹೊಸ ರೇಷ್ಮೆ ಹುಳುಮನೆಯ ನೆಲಕ್ಕೆ ತುಂಬಿ, ಉಳಿದದ್ದು ಹಿತ್ತಲಲ್ಲಿ ಗುಡ್ಡೆ ಬಿದ್ದಿತ್ತು. ಅದನ್ನೇ ಟ್ರಾಲಿಗೆ ಹೇರಿ ವಾಪಸು ಹೊಲಕ್ಕೆ ಸುರಿದೆವು. ದಾರಿಯಲ್ಲಿ ಸಿಕ್ಕ ನಲ್ಲಪ್ಪ, "ಏನಮ್ಮಾ, ಈ ಸಲ ಕಲ್ಲೇ ಬಿತ್ತನೇನಾ?" ಎಂದು ನಕ್ಕ. ನಾವೂ ನಕ್ಕೆವು. ನಾನು ಮಂಕರಿಯಲ್ಲಿ ಹೊತ್ತು ಒಂದೊಂದೇ ಕಲ್ಲು ಹರಡುತ್ತಿದ್ದಾಗ ಅಕ್ಕಯಮ್ಮಜ್ಜಿ ಕೋಲೂರಿಕೊಂಡು ಬಂದರು. ನಿಮ್ಮ ಹೆರಿಗೆಗಳನ್ನೆಲ್ಲ ಮಾಡಿಸಿದವರು ಅವರೇ ಎಂದು ನೀವು ಹೇಳಿದ್ದಿರಿ. ಸ್ವಲ್ಪ ಹೊತ್ತು ನೋಡಿ, "ಎಲ್ಲಾ ತಂದ್ಯಾ? ನಿಮ್ಮತ್ತೆ ರತ್ನಮ್ಮನ ಕಲ್ಲು ಯಾವ್ದಮ್ಮ ಇದ್ರಲ್ಲಿ?" ಎಂದರು. ಯಾವ ಕಲ್ಲಜ್ಜಿ ಎಂದೆ. ಅವರು ಕೂತುಬಿಟ್ಟರು.

"ನಿಂಗೆ ಹೇಳೇ ಇಲ್ವಾ ಅವ್ಳು? ನಿನ್ ಗಂಡ ಮುರಳಿಗಿಂತ ಮುಂಚೆ ಒಂದು ಹೆಣ್ಣು ಕೂಸು ಹುಟ್ಟಿತ್ತಮ್ಮ. ಪುರುಡು ಕಳೆಯೋಕ್ ಮುಂಚೇನೇ ಹೋಗ್ಬಿಡ್ತು. ಬಿರು ಬ್ಯಾಸಿಗೆ. ಆ ಹೊಂಗೆ ಮೂಲೇಲಿ ಹೂಳೋಕೆ ಅಂತ ನಿಮ್ಮಾವ ರಾಮಾಂಜಿನಪ್ಪ ಹಾರೆ ಹಾಕಿದ್ರೆ ಠಣ್ ಅಂತ ವಾಪಸ್ ಬರೋದು. ಅಳ್ತಾ ಅಳ್ತಾ ಅಗೆದ, ಅಂಗೈಯೆಲ್ಲಾ ಬೊಬ್ಬೆ. ಆಳ ಸಾಲ್ದು, ನರಿ ಕೆದಕ್ತವೆ ಅಂತ ಮೇಲೊಂದು ಕಲ್ಲಿಟ್ಟ. ಈ ಹೊಲದ್ದೇ ಕಲ್ಲು, ಕುರಿ ತಲೆಯಷ್ಟು, ಮಗ್ಗುಲಲ್ಲಿ ಬಿಳಿ ಗೆರೆ ಇತ್ತು. ಅವ್ಳಿಗೆ ಎದೆ ಹಾಲು ಕಟ್ಕೊಂಡು ನೋವಾದಾಗ ಅಲ್ಲೇ ಹೋಗಿ ಹಿಂಡಿ ಬರೋಳು."

ನಾನು ಮಂಕರಿ ಕೆಳಗಿಟ್ಟು ಅಜ್ಜಿಯ ಪಕ್ಕ ಕೂತೆ. ಯಂತ್ರದ ವಿಷಯ ಹೇಳಿ, ಮಗುವಿಗೆ ಏನಾಯಿತೋ ಎಂದು ಅತ್ತುಬಿಟ್ಟೆ. ಅಜ್ಜಿ, "ಮಗೂಗೇನಾಗಿಲ್ಲ ಬಿಡು, ಅದು ಕೆಳಗೈತೆ. ಮಿಷನ್ನು ಗೇಣುದ್ದ ಇಳ್ದಿರುತ್ತೆ. ಕಲ್ಲು ಹೋಯ್ತು ಅಷ್ಟೆ" ಎಂದರು. ಅಷ್ಟೆ ಎನ್ನಲು ನನಗೆ ಆಗುತ್ತಿಲ್ಲ, ಅತ್ತಮ್ಮ. ಅವತ್ತಿನಿಂದ ಗುಡ್ಡೆಯಲ್ಲಿದ್ದ ಪ್ರತಿ ಕಲ್ಲನ್ನೂ ಮಗುಚಿ ನೋಡಿದ್ದೇನೆ. ಬಿಳಿ ಗೆರೆ ಎಷ್ಟೋ ಕಲ್ಲುಗಳಲ್ಲಿದೆ. ಒಂದೊಂದನ್ನೂ ಅಜ್ಜಿಗೆ ತೋರಿಸಿದರೆ "ಇದಲ್ಲ" ಎನ್ನುತ್ತಾರೆ, ಆಮೇಲೆ "ನಂಗೂ ಕಣ್ ಕಾಣಲ್ಲಮ್ಮ" ಎನ್ನುತ್ತಾರೆ. ಬಹುಶಃ ಅದು ಹುಳುಮನೆಯ ಕಾಂಕ್ರೀಟಿನ ಅಡಿಯಲ್ಲಿದೆ. ಸೊಪ್ಪು ಹಾಕಲು ಒಳಗೆ ಹೋದಾಗ ಕಾಲು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ನೀವು ಅವತ್ತು ಒಂದು ಮಾತು ಬೈದಿದ್ದರೆ ಆಗುತ್ತಿತ್ತು. ನಾನು ನಿಮಗಾಗಿ ಮಾಡಿದೆನೆಂದು ತಿಳಿದೇ ನೀವು ಬೈಯಲಿಲ್ಲ, ನನ್ನ ತಲೆ ಸವರಿ ಹೊರಟುಹೋದಿರಿ. ಅದೇ ನನಗೆ ನುಂಗಲಾಗದಿರುವುದು.

ಕಲ್ಲು ಹರಡಿ ಮತ್ತೆ ಬಿತ್ತಿದ ಮೇಲೆ ರಾಗಿ ಅರ್ಧದಷ್ಟು ಬಂದಿದೆ. ಹೊಂಗೆ ಮರದ ಮೂಲೆಯನ್ನು ಮುಟ್ಟಿಲ್ಲ. ಇಂಥದೇ ಜಾಗ ಎಂದು ಅಜ್ಜಿಗೂ ಸರಿಯಾಗಿ ಗೊತ್ತಿಲ್ಲ, ಮಾವ ಇಲ್ಲ. ಈಗ ನಿಮಗೊಬ್ಬರಿಗೇ ಗೊತ್ತಿರುವುದು. ನೀವು ಬಂದು ಅಲ್ಲಿ ನಿಂತು ತೋರಿಸಿ. ನೀವು ಆರಿಸಿದ ಕಲ್ಲನ್ನು ನಾನೇ ಹೊತ್ತು ತಂದು ಇಡುತ್ತೇನೆ. ಅದು ಆ ಕಲ್ಲಾಗುವುದಿಲ್ಲ ಎಂದು ನನಗೆ ಗೊತ್ತು. ಕ್ಷಮಿಸಿ ಎಂದು ಕಾಗದದಲ್ಲಿ ಕೇಳುವುದಿಲ್ಲ. ನನಗೆ ಬೈಯಬೇಕು ಎನಿಸಿದರೂ ಇಲ್ಲಿಗೇ ಬಂದು ಬೈಯಿರಿ, ನಾನು ಎದುರಿಗೇ ಕೂತಿರುತ್ತೇನೆ.

ಭಾನುಗೂ ಅವರ ಮನೆಯವರಿಗೂ ನಮ್ಮ ನೆನಪು ತಿಳಿಸಿ, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡಿ. ನಿಮ್ಮ ಕಾಲಿಗೆ ಬಿದ್ದು,

ನಿಮ್ಮ ಸೊಸೆ
ಯಾಮಿನಿ

ವಿ.ಸೂ.: ಗೌರಿಬಿದನೂರಿಗೆ ಹೊರಟಿರುವ ಗಂಗರಾಜಣ್ಣ ಬೈಕು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾರೆ, ಇದನ್ನು ಅವರ ಕೈಗೇ ಕೊಡುತ್ತೇನೆ. ಕಾಗದ ಮಡಿಸುವಾಗ ನಿಮ್ಮ ಮಗ ಬಂದು ಯಾಕೆ ಅಳುತ್ತಿದ್ದೀಯ ಎಂದರು. ಮುಚ್ಚಿಡಲು ಆಗಲಿಲ್ಲ, ಹೇಳಿಬಿಟ್ಟೆ. ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರುತ್ತಿದ್ದರು. ಈಗ ಬಂದು, ಭಾನುವಾರ ನಾನೇ ಹೋಗಿ ಅಮ್ಮನನ್ನು ಕರೆದುಕೊಂಡು ಬರುತ್ತೇನೆ ಎಂದರು. ಅವರಿಗೆ ನಿಮ್ಮನ್ನು ಒಂದು ಮಾತು ಕೇಳಬೇಕಂತೆ, ಎದುರಿಗೆ ಬಾಯಿ ಬರುವುದಿಲ್ಲವಂತೆ, ನನ್ನ ಕೈಲಿ ಬರೆಸುತ್ತಿದ್ದಾರೆ. ನಾಮಕರಣ ಆಗಿರಲಿಲ್ಲ, ಗೊತ್ತು. ಆದರೆ ಅಷ್ಟು ದಿನ ಮಡಿಲಲ್ಲಿಟ್ಟುಕೊಂಡು ನೀವು ಏನೋ ಒಂದು ಹೆಸರಿಟ್ಟು ಕರೆದಿರುತ್ತೀರಲ್ಲ. ಅಕ್ಕನನ್ನು ಏನಂತ ಕರೀತಿದ್ದೆ ಅಮ್ಮ, ಎಂದು ಕೇಳುತ್ತಿದ್ದಾರೆ.