ಮರಳು ಸೋರದ ಜಮಖಾನ

ನವಲಗುಂದ
೧೯-೨-೧೯೮೫

ಪ್ರೀತಿಯ ಮಗಳು ರಹೀಮಾಗೆ ನಿನ್ನ ಅಮ್ಮಿಯ ದುವಾ.

ನಿನ್ನ ಕೆಮ್ಮು ಹೇಗಿದೆ? ಅಳಿಯಂದಿರ ಗೋಡೆ ಗಿಲಾವಿನ ಕೆಲಸ ನಡೆದಿದೆಯೇ? ನಿಮ್ಮ ಅತ್ತೆಯವರ ಮೊಣಕಾಲಿನ ಬಗ್ಗೆ ನೀನು ಬರೆದಿಲ್ಲ. ಅವರ ನಾಲಿಗೆ ಗಟ್ಟಿಯಾಗಿದೆ ಎಂಬುದು ಮಾತ್ರ ನಿನ್ನ ಪತ್ರದಿಂದ ತಿಳಿಯಿತು. ನಿನಗೆ ಉರ್ದು ಓದಲು ಬರದು, ನನಗೆ ಬರೆಯಲು ಬರದು. ಅದಕ್ಕೇ ಈ ನಾಲ್ಕನೆಯ ಇಯತ್ತೆಯ ಕನ್ನಡ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಜೈಸಲ್ಮೇರಿನ ಮೇಳಕ್ಕೆ ನನ್ನನ್ನೂ ನಿನ್ನ ಅತ್ತಿಗೆ ಹಸೀನಾಳನ್ನೂ ಜಮಖಾನ ತೋರಿಸಲು ಕರೆದೊಯ್ದ ಸರಕಾರದವರು ರೈಲಿನ ದುಡ್ಡು ಕೊಟ್ಟರು. ನನ್ನ ಕೈಯಿಂದ ಹೋದದ್ದು ಚಹಾ, ಬಳೆ ಸೇರಿ ಅರವತ್ತು ರೂಪಾಯಿ, ಒಂದು ಜೋಡು ಚಪ್ಪಲಿ, ಒಂದು ಹಲ್ಲು. ಹಲ್ಲು ಅಲ್ಲಿಯ ಸಜ್ಜೆ ರೊಟ್ಟಿಯಲ್ಲಿದ್ದ ಮರಳಿಗೆ ಹೋಯಿತು. ಹೇಗಿದ್ದರೂ ಅಲುಗಾಡುತ್ತಿತ್ತು, ಅದನ್ನು ನಷ್ಟಕ್ಕೆ ಹಿಡಿಯುವುದಿಲ್ಲ.

ಮರಳುಗಾಡೆಂದರೆ ಬರೀ ಮರಳು ಅಂದುಕೊಂಡಿದ್ದೆ. ಹಾಗಲ್ಲ. ಹೆಚ್ಚಿನದು ಕಲ್ಲುನೆಲ, ಮುಳ್ಳುಕಂಟಿ. ಊರಿನ ನೆತ್ತಿಯ ಮೇಲೆ ಹಳದಿ ಕಲ್ಲಿನ ಕೋಟೆ. ಸಂಜೆಯ ಬಿಸಿಲಿಗೆ ಹುರಿದ ಕಡಲೆಹಿಟ್ಟಿನ ಬಣ್ಣ. ಅದರೊಳಗೆ ಜನ ಇನ್ನೂ ಸಂಸಾರ ಮಾಡುತ್ತಾರೆ, ಕಲ್ಲಿನಲ್ಲಿ ಕೊರೆದ ಜಾಲರಿ ಕಿಟಕಿಗಳ ಮೇಲೆ ಹಸಿ ಬಟ್ಟೆ ಒಣಹಾಕುತ್ತಾರೆ. ಕೆಳಗೆ ಒಂದು ಕೆರೆ, ನಮ್ಮ ನೀಲಮ್ಮನ ಕೆರೆಯ ಹಾಗೆ ಮಳೆನೀರಿನದು. ಆಮೇಲೆ ಜೀಪಿನಲ್ಲಿ ಮರಳ ದಿಬ್ಬಗಳಿಗೆ ಹೋದೆವು. ನಮ್ಮ ಎರೆಮಣ್ಣು ಕಾಲು ಹಿಡಿದರೆ ಬಿಡುವುದಿಲ್ಲ; ಅದು ಹಿಡಿಯುವುದೇ ಇಲ್ಲ, ನೀನು ನಡೆದ ಗುರುತನ್ನೂ ಗಾಳಿ ಒರೆಸಿಬಿಡುತ್ತದೆ. ಹಸೀನಾ ಒಂಟೆ ಏರಿದಳು. ಐದು ರೂಪಾಯಿ ಕೊಟ್ಟು ಹೆದರುವುದೇಕೆಂದು ನಾನು ಕೆಳಗೇ ನಿಂತು ಪುಕ್ಕಟೆ ಹೆದರಿದೆ. ಹಾಡುಗಾರನೊಬ್ಬ ಬೆರಳ ನಡುವೆ ಕಟ್ಟಿಗೆಯ ಚೂರು ಹಿಡಿದು ತಾಳ ಹಾಕುತ್ತಿದ್ದ. ಭಾಷೆ ತಿಳಿಯಲಿಲ್ಲ, ಆದರೂ ಎದ್ದು ಬರಲಾಗಲಿಲ್ಲ.

ಮರುದಿನ ಒಂದು ಹಳ್ಳಿ ತೋರಿಸಿದರು. ಮಣ್ಣಿನ ಗುಂಡು ಮನೆಗಳು, ಸುಣ್ಣದ ಚಿತ್ತಾರ. ಒಂದು ಮನೆಯಲ್ಲಿ ಹರೆಯದ ಹೆಂಗಸೊಬ್ಬಳು ಮೇಳಕ್ಕೆ ಹೋದ ಗಂಡನ ಮಗ್ಗದ ಮುಂದೆ ಕೂತು ನೆಲಹಾಸು ನೇಯುತ್ತಿದ್ದಳು. ಕೆಂಪು ಕಪ್ಪು ಕೂಡುವಲ್ಲೆಲ್ಲ ಸೀಳು ಬಿಟ್ಟಿದ್ದಳು. ನೇಯ್ದು ಮುಗಿಸಿದ್ದೊಂದನ್ನು ಎತ್ತಿ ತೋರಿಸಿದಾಗ ಆ ಸೀಳುಗಳಿಂದ ಮರಳು ಹಿಟ್ಟಿನಂತೆ ಸೋರಿತು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತೆ, ಎರಡೂ ಬಣ್ಣದ ಎಳೆಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ತೋರಿಸಿದೆ, ಅವಳ ಕೈ ಹಿಡಿದು ಮಾಡಿಸಿದೆ, ಹಣಿಗೆಯಂಥ ಪಂಜಾದಿಂದ ಎಳೆ ಬಡಿಸಿದೆ. ಸೀಳು ಮುಚ್ಚಿತು. ಅವಳು ನಕ್ಕು ನನಗೆ ಮಜ್ಜಿಗೆ ತಂದುಕೊಟ್ಟಳು. ಹೆಸರನ್ನೂ ಕೇಳಲಿಲ್ಲ ನಾನು.

ಹೊರಗೆ ಬಂದ ಮೇಲೆ ಹಸೀನಾ ಅಂದಳು: “ಅಮ್ಮಾ, ಮೂರು ರೈಲು ಬದಲಿ ಮಾಡಿ ಬಂದು ಹೆಸರಿಲ್ಲದಾಕಿಗೆ ಕಲಿಸಿದ್ರಿ. ರಹೀಮಾ ಇರೂ ಶಲವಡಿಗೆ ಒಂದೇ ಬಸ್ಸರಿ.”

ಎದುರುತ್ತರ ನನ್ನ ಬಾಯಲ್ಲಿ ಸಿದ್ಧವಿರುತ್ತದೆ, ನಿನಗೆ ಗೊತ್ತು. ಆವತ್ತು ನೇರ ಹೋಗಿ ಜೀಪು ಹತ್ತಿದೆ. ನನ್ನ ಅತ್ತೆ ನನಗೆ ಕಲಿಸುವಾಗ, “ಸೊಸಿ ಮನಿಗೆ ಬರಾಕಿ, ಮಗಳು ಹೋಗಾಕಿ. ಹೋಗಾಕಿ ಕೈಯಾಗ ಕಸಬು ಕೊಡಬ್ಯಾಡ” ಎಂದು ಆಣೆ ಹಾಕಿಸಿದ್ದರು. ಅದಕ್ಕೇ ಎರಡು ಬಣ್ಣ ಕೂಡಿಸುವ ಹೊತ್ತಿಗೆ ಸರಿಯಾಗಿ ನಿನ್ನ ತಲೆಯ ಮೇಲೆ ಕೊಡ ಇಟ್ಟು ಕೆರೆಗೆ ಅಟ್ಟುತ್ತಿದ್ದೆ. “ನಾ ನಿನ್ನ ಹೊಟ್ಯಾಗ ಹುಟ್ಟಿದಾಕಿ, ಭಾಬಿ ದಾರೀಲೆ ಬಂದಾಕಿ” ಎಂದು ಹೊಸ್ತಿಲಲ್ಲಿ ಒಮ್ಮೆ ಅಂದಿದ್ದೆ ನೀನು. ಈಗ ನಿಮ್ಮ ಅತ್ತೆಯವರು, “ನವಲಗುಂದದ ಹುಡುಗಿ ಅಂತ ತಂದ್ವಿ, ಜಮಖಾನ ಬರೂದಿಲ್ಲ, ಬರೇ ಮಾತು ಬರತೈತಿ” ಅನ್ನುತ್ತಾರೆಂದು ಬರೆದು, ಕಲಿಸುತ್ತೀಯಾ ಎಂದು ಕೇಳಿದ್ದೀ. ಆ ಪತ್ರವನ್ನು ಉತ್ತರಿಸದೆ ಗಂಟಿನಲ್ಲಿಟ್ಟುಕೊಂಡೇ ಮರಳುಗಾಡಿಗೆ ಹೋಗಿದ್ದೆ. ಊರು ಸೇರಿ ಎರಡು ದಿನವಾಯಿತು, ಜಮಖಾನಗಳ ಮೇಲಿನ ಮರಳನ್ನು ಇನ್ನೂ ಝಾಡಿಸುತ್ತಿದ್ದೇನೆ.

ಒಟ್ಟು ಲೆಕ್ಕ ಇಷ್ಟು: ಹೆಸರಿಲ್ಲದಾಕಿಗೆ ಕೊಕ್ಕೆ ಬಂತು. ಸರಕಾರಕ್ಕೆ ನಮ್ಮ ಫೋಟೋ ಬಂತು. ಹಸೀನಾಗೆ ಒಂಟೆಯ ಸವಾರಿ ಮತ್ತು ಅತ್ತೆಯ ಬಾಯಿ ಮುಚ್ಚಿಸಿದ ಹೆಸರು. ನನಗೆ ಒಂದು ಲೋಟ ಮಜ್ಜಿಗೆ.

ಅಳಿಯಂದಿರಿಗೂ ಹಿರಿಯರಿಗೂ ಸಲಾಮು ಹೇಳು. ನಿನ್ನ ಕೈಗಳು ಸುಖವಾಗಿರಲಿ.

ನಿನ್ನ ಅಮ್ಮಿ,
ಮಲಿಕಾಬಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಶನಿವಾರ ಮೊದಲ ಬಸ್ಸಿಗೆ ಬಾ, ಒಂದು ತಿಂಗಳ ಬಟ್ಟೆ ತಾ. ಮಗಳಿಗೆ ಕಸಬು ಕೊಟ್ಟಳೆಂದು ಓಣಿಯವರು ಏನಂದರೂ ನಾನು ನೋಡಿಕೊಳ್ಳುತ್ತೇನೆ. ಹಸೀನಾ ನಿನಗಾಗಿ ಮಗ್ಗಕ್ಕೆ ಎಳೆ ಬಿಗಿಯುತ್ತಿದ್ದಾಳೆ. ಕೊಡಗಳನ್ನೆಲ್ಲ ನಾನು ಮೊದಲೇ ತುಂಬಿಸಿಟ್ಟಿರುತ್ತೇನೆ.