ಎರಡು ಕೆಲಸದ ದಿನ

೧೫ ನವೆಂಬರ್ ೨೦೧೩, ಶುಕ್ರವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಮೀನು ಹುರಿಯುತ್ತಿದ್ದೆ. ಹೊರಗೆ ಮರಳಿನ ಮೈದಾನದಲ್ಲಿ ಧಡ್, ಧಡ್. ಶೇನ್ ಒದೆಯುತ್ತಿದ್ದಾನೆ. ಮೂರು ವರ್ಷದಿಂದ ಗಲ್ಫಿನ ಅಬು ಹಲೀಫಾದ ಈ ಬಿಲ್ಡಿಂಗಿನವರಿಗೆಲ್ಲ ನನ್ನ ಮಗನ ಈ ಶಬ್ದ ಅಭ್ಯಾಸ. ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪು. ಅಮೆರಿಕದವರ ಫುಟ್‌ಬಾಲ್. ಶಾಲೆಯ ಅಮೆರಿಕನ್ ಪಿ.ಟಿ. ಮಾಸ್ಟರ್ ಇವನ ಕಾಲಿನ ಬಲ ನೋಡಿ ಕಲಿಸಿದ, ವಿಡಿಯೋ ತೆಗೆದು ಅಲ್ಲಿನ ಕಾಲೇಜುಗಳಿಗೆ ಕಳುಹಿಸಿದ. ಈಗ ಒಹಾಯೋದ ಒಂದು ದೊಡ್ಡ ಕಾಲೇಜಿನಿಂದ ಆಫರ್. ನಾಲ್ಕು ವರ್ಷ ಫುಲ್ ಸ್ಕಾಲರ್‌ಶಿಪ್, ಊಟ ವಸತಿ ಸೇರಿ.

ಮಥಾಯಸ್‌ಗೆ ನಂಬಿಕೆಯಿಲ್ಲ. "ಇಡೀ ಆಟದಲ್ಲಿ ನಾಲ್ಕು ಸಲ ಒದ್ದು ಬಂದು ಬೆಂಚಲ್ಲಿ ಕೂತ್ಕೊಳ್ಳುವವನಿಗೆ ಯಾರು ಫೀಸು ಕೊಡ್ತಾರೆ ಮಾರಾಯ್ತಿ?" ನನ್ನ ಗಂಡನಿಗೆ ಹಬ್ಬದೂಟದಲ್ಲೂ ಕಲ್ಲು ಹುಡುಕುವ ಚಾಳಿ.

ಸಂಜೆ ಸ್ಕೈಪ್‌ನಲ್ಲಿ ಒಹಾಯೋದ ಕೋಚ್ ಬಂದ. ಕೆಂಪು ಮುಖ, ಜೋರು ನಗು. ಶೇನ್ "ಐ ಕಮಿಟ್" ಅಂದ. ಆಯಿತು. ಸಹಿ ಮಾತ್ರ ಫೆಬ್ರವರಿ ಐದಕ್ಕೆ, ಎಲ್ಲ ಹುಡುಗರಿಗೂ ಅಂದೇ ಅಂತೆ. ಅಲ್ಲಿಯವರೆಗೆ ಎರಡೂ ಕಡೆ ಬಾಯಿಮಾತು. ಉಂಗುರವಿಲ್ಲದ ನಿಶ್ಚಿತಾರ್ಥ.

ಖುಷಿಯಾಗಿದೆ. ಇಲ್ಲಿ ಬರೆದಿಡುತ್ತೇನೆ, ಎದುರಿಗೆ ಹೇಳಿದರೆ ತಲೆ ಮೇಲೆ ಹತ್ತಿಯಾನು. ಕನ್ನಡ ಅವನಿಗೆ ಓದಲು ಬರುವುದಿಲ್ಲ.

೩ ಡಿಸೆಂಬರ್

ಇನ್ನೊಂದು ಆಫರ್. ಪೆನ್ಸಿಲ್ವೇನಿಯಾದ ಸಣ್ಣ ಕಾಲೇಜು, ಅದೂ ಫುಲ್. ಆ ಕೋಚ್ ಇವನ ವಿಡಿಯೋ ಒಂದೊಂದನ್ನೂ ನೋಡಿ, ಎಡಗಾಲು ಎಲ್ಲಿ ಊರಬೇಕು ಅಂತ ಬರೆದಿದ್ದ. ಶೇನ್‌ಗೆ ಮನಸ್ಸಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮಥಾಯಸ್ ಕಡ್ಡಿ ಮುರಿದ ಹಾಗೆ ಹೇಳಿದ — "ಒಂದು ಕಡೆ ಮಾತು ಕೊಟ್ಟ ಮೇಲೆ ಇನ್ನೊಂದು ಮನೆಗೆ ಹೆಣ್ಣು ನೋಡ್ಲಿಕ್ಕೆ ಹೋಗುವ ಜನ ಅಲ್ಲ ನಾವು."

ನಾನೂ ಹೌದೆಂದೆ. ಮರ್ಯಾದೆಯ ಪ್ರಶ್ನೆಯಿಂದಲ್ಲ. ಒಹಾಯೋದ ಹೆಸರು ಮೇಲಿನ ಮಹಡಿಯ ಎಲಿಜಬೆತ್‌ಗೂ ಗೊತ್ತಿದೆ, ಈ ಸಣ್ಣದರ ಹೆಸರು ಯಾರಿಗೂ ಗೊತ್ತಿಲ್ಲ. ನಿರಾಕರಣೆಯ ಪತ್ರ ನಾನೇ ಟೈಪ್ ಮಾಡಿದೆ. ಮೀನಾ ಅಬ್ದುಲ್ಲಾ ಏರಿಯಾದ ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಸೆಕ್ರೆಟರಿ ನಾನು. ಮಗ ಒದೆಯಲಿ, ಕಾಗದಪತ್ರ ನನ್ನದು.

೧೦ ಜನವರಿ ೨೦೧೪, ಶುಕ್ರವಾರ

ಚರ್ಚಿನ ಮೆಟ್ಟಿಲಲ್ಲಿ ಎಲಿಜಬೆತ್‌ಗೆ ಹೇಳಿಯೇಬಿಟ್ಟೆ. ಅವಳ ಮಗ ಆಲ್ರೊಯ್‌ಗೆ ಊರಲ್ಲಿ ಮೆಡಿಕಲ್ ಸೀಟು ಸಿಕ್ಕಿದ ಕಥೆಯನ್ನು ಎರಡು ವರ್ಷದಿಂದ ಕೇಳುತ್ತಿದ್ದೇನೆ.

"ಹೌದಾ? ಒದಿಲಿಕ್ಕೆ ಸ್ಕಾಲರ್‌ಶಿಪ್ಪಾ?" ಅಂದಳು.

"ಫುಲ್," ಅಂದೆ. ಅವಳ ಮುಖ ನೋಡಿ ಹೊಟ್ಟೆ ತಣ್ಣಗಾಯಿತು.

ಸಂಜೆ ಲೋಕನಾಥರ ಫೋನ್. ಎಗೈಲಾದಲ್ಲಿ ಹೋಟೆಲ್ ಇಟ್ಟವರು, ನಮ್ಮ ಊರಿನವರ ಸಂಘಕ್ಕೆ ಅಧ್ಯಕ್ಷರು. "ಸೂಸನಕ್ಕ, ನಮ್ಮ ಹುಡುಗನಿಗೆ ಒಂದು ಸನ್ಮಾನ ಮಾಡದಿದ್ರೆ ಹೇಗೆ? ಮೂವತ್ತೊಂದಕ್ಕೆ ಇಡುವ. ಶುಕ್ರವಾರ, ಎಲ್ಲರಿಗೂ ರಜೆ."

ಸಹಿ ಆಗಲಿ, ಆಮೇಲೆ ಸಾಕು ಅಂತ ಶೇನ್ ಇಂಗ್ಲಿಷಿನಲ್ಲಿ ಗೊಣಗಿದ. ಐದಕ್ಕೆ ಬುಧವಾರ, ಜನ ಬರುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ.

೨೬ ಜನವರಿ

ಒಹಾಯೋದ ಕೋಚ್ ಒಂಬತ್ತು ದಿನದಿಂದ ಮೆಸೇಜಿಗೆ ಉತ್ತರ ಕೊಟ್ಟಿಲ್ಲ. ಶೇನ್ ಊಟ ಅರ್ಧಕ್ಕೆ ಬಿಟ್ಟ. ದೊಡ್ಡವರಿಗೆ ಕೆಲಸ ಇರುತ್ತದೆ ಅಂದೆ. ಬ್ಯಾನರ್ ಬಂತು. ಆರಡಿ ಶೇನ್, ಕಾಲು ಮೇಲಕ್ಕೆ. ಚೆನ್ನಾಗಿದೆ.

೨೯ ಜನವರಿ, ಬುಧವಾರ, ಸಂಜೆ ೬.೧೫

ಆಫರ್ ವಾಪಸ್.

೫.೪೦ಕ್ಕೆ ಶೇನ್‌ಗೆ ಬಂದ ಮೇಲ್. ನಾನು ಡ್ಯೂಟಿಯಿಂದ ಬಂದು ಮನೆಯ ಕಂಪ್ಯೂಟರ್ ತೆರೆದಾಗ ಮೇಲೆಯೇ ಇತ್ತು, ಅವನು ಮೇಲ್ ನೋಡುವುದೂ ಇದರಲ್ಲೇ. ಹೊಸ ಹೆಡ್ ಕೋಚ್ ಬಂದಿದ್ದಾನೆ, ಒದೆಯುವವನನ್ನು ತನ್ನ ಜೊತೆಯಲ್ಲೇ ತಂದಿದ್ದಾನೆ. ಕ್ಷಮಿಸಿ. ಬೆಸ್ಟ್ ಆಫ್ ಲಕ್. ವಾರವಾರ ಹಲ್ಲು ಕಿರಿದ ಆ ಕೆಂಪು ಮೂತಿಗೆ ಮುಖ ತೋರಿಸಿ ಹೇಳಲು ಆಗಲಿಲ್ಲ.

ಕೊನೆಗೆ ಇನ್ನೊಂದು ಪ್ಯಾರಾ. ಪೆನ್ಸಿಲ್ವೇನಿಯಾದವರ ಸೀಟು ಇನ್ನೂ ಖಾಲಿ. ಅವರೊಂದಿಗೆ ಮಾತಾಡಿದ್ದೇನೆ, ನಾಳೆಯಿಂದ ಎರಡು ಕೆಲಸದ ದಿನ ಕಾಯುತ್ತಾರೆ, ಶೇನ್ ತಾನೇ ಫೋನ್ ಮಾಡಲಿ. ಕೆಳಗೆ ನಂಬರ್.

ಈಗ ಹೇಳಿದರೆ ನಾಡಿದ್ದಿನ ಸನ್ಮಾನ ಏನಾಗಬೇಕು? ನೂರಿಪ್ಪತ್ತು ಜನ. ಎಲಿಜಬೆತ್‌ಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಡಿ ಅಂತ ನಾನೇ ಲೋಕನಾಥರಿಗೆ ಹೇಳಿದ್ದೇನೆ.

ಲೆಕ್ಕ ಹಾಕಿದೆ. ಗುರುವಾರ ಒಂದು. ಶುಕ್ರ, ಶನಿ ರಜೆ. ಭಾನುವಾರಕ್ಕೆ ಎರಡು. ಸಮಯ ಇದೆ. ಈ ಒಕ್ಕಣೆಯನ್ನು ಟೆಂಡರ್ ಪತ್ರಗಳಲ್ಲಿ ಸಾವಿರ ಸಲ ಟೈಪ್ ಮಾಡಿದವಳು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸನ್ಮಾನ ಕಳೆಯಲಿ. ಭಾನುವಾರ ಹೇಳಿದರಾಯಿತು. ಆಮೇಲೆ ಊರಿಗೆಲ್ಲ "ಕಾಲೇಜು ಬದಲಾಯಿಸಿದೆವು" ಅಂದರೆ ಮುಗಿಯಿತು.

ಓದಿಲ್ಲದ ಹಾಗೆ ಮಾಡಿ ಮುಚ್ಚಿದೆ. ಮಥಾಯಸ್‌ಗೆ ಹೇಳಲಿಲ್ಲ. ಅವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ.

೩೦ ಜನವರಿ, ಗುರುವಾರ

ಸಂಜೆ ಶೇನ್ ಕಂಪ್ಯೂಟರಿನ ಮುಂದೆ ಕೂರಲು ಹೊರಟಿದ್ದ. ಮೇಲ್ ನೋಡುತ್ತೇನೆ, ಕೋಚ್ ಬರೆದಿರಬಹುದು ಅಂದ.

"ಮೊದಲು ಎಗೈಲಾಕ್ಕೆ ಹೋಗಿ ಬ್ಲೇಜರ್ ತೆಗೊಂಡು ಬಾ ಪುತಾ, ಅಂಗಡಿಯವ ಕಾಯ್ತಾನೆ."

ಹೋದ. ಬಂದ ಮೇಲೆ ಹಾಕಿ ತೋರಿಸಿದ. ಭುಜ ಸರಿಯಾಗಿ ಕೂತಿದೆ. ಮೇಲ್ ನೋಡುವುದನ್ನು ಮರೆತೇಬಿಟ್ಟ.

೩೧ ಜನವರಿ, ಶುಕ್ರವಾರ

ಸನ್ಮಾನ ಚೆನ್ನಾಗಿ ಆಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ. "ನಮ್ಮ ಕರಾವಳಿಯ ಕಾಲು ಅಮೆರಿಕದಲ್ಲಿ ಮಾತಾಡ್ಲಿಕ್ಕುಂಟು," ಅಂದರು ಲೋಕನಾಥರು. ಚಪ್ಪಾಳೆ. ಶೇನ್ ಮೈಕ್ ಹಿಡಿದು ಎರಡೇ ಮಾತು ಹೇಳಿದ, ಅದೂ ಕನ್ನಡದಲ್ಲಿ, ಕಲಿತುಕೊಂಡು ಬಂದಿದ್ದ. "ನನ್ನ ಮಮ್ಮಿಯಿಂದ ಎಲ್ಲ. ಥ್ಯಾಂಕ್ಸ್."

ಎಲಿಜಬೆತ್ ಬಂದು ಕೈ ಕುಲುಕಿದಳು. ಅವಳ ಕೈ ತಣ್ಣಗಿತ್ತು. ಆ ಒಂದು ಕ್ಷಣ ನಾನು ಮೇಲನ್ನು ಮರೆತೇಬಿಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು.

೨ ಫೆಬ್ರವರಿ, ಭಾನುವಾರ

ನಿನ್ನೆ ಶಾಪಿಂಗ್ ಅಂತ ಇಡೀ ದಿನ ಶೇನ್‌ನನ್ನು ಹೊರಗೇ ಇಟ್ಟಿದ್ದೆ. ಇವತ್ತು ಡ್ಯೂಟಿಯಿಂದ ಬಂದವಳೇ ಕರೆದೆ. "ಶೇನ್, ನಿನಗೊಂದು ಮೇಲ್ ಉಂಟು ನೋಡು."

ಓದಿದ. ಎರಡು ಸಲ ಓದಿದ. ಅಳಲಿಲ್ಲ. ಕೊನೆಯ ಪ್ಯಾರಾ ಓದಿ ಫೋನ್ ಹಿಡಿದ. ರಿಂಗ್ ಆಗಿ ಆಗಿ ರೆಕಾರ್ಡಿಂಗ್ ಬಂತು — ಆಫೀಸು ಸೋಮವಾರ ತೆರೆಯುತ್ತದೆ.

ನಾನು ಅಲ್ಲೇ ನಿಂತಿದ್ದೆ. ಅಲ್ಲಿ ಶನಿ, ಭಾನುವಾರ ರಜೆ, ಇಲ್ಲಿಯ ಹಾಗೆ ಶುಕ್ರ, ಶನಿ ಅಲ್ಲ. ಚಿಕ್ಕಂದಿನಲ್ಲಿ ನಮಗೂ ಭಾನುವಾರವೇ ರಜೆಯಿತ್ತಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅದು ತಲೆಯಿಂದಲೇ ಅಳಿಸಿಹೋಗಿದೆ. ಅವರ ಎರಡು ದಿನ ಗುರುವಾರ ಮತ್ತು ಶುಕ್ರವಾರ.

೩ ಫೆಬ್ರವರಿ, ಸಂಜೆ ೫.೩೦

ಪೆನ್ಸಿಲ್ವೇನಿಯಾದ ಕೋಚ್ ಫೋನಿಗೆ ಸಿಕ್ಕಿದ. ಶೇನ್ ಸ್ಪೀಕರ್‌ನಲ್ಲಿ ಹಾಕಿದ್ದ, ನಾನೂ ಮಥಾಯಸ್‌ನೂ ಕೇಳಿದೆವು. ಒಳ್ಳೆಯ ಮನುಷ್ಯ. ಶುಕ್ರವಾರ ಇಡೀ ದಿನ ಫೋನಿನ ಪಕ್ಕದಲ್ಲೇ ಇದ್ದೆ ಮಗನೇ, ಸಂಜೆ ಐದಕ್ಕೆ ಬೇರೆ ಹುಡುಗನಿಗೆ ಕೊಟ್ಟೆ ಅಂದ. ಬುಧವಾರವೇ ಮೇಲ್ ಹೋಗಿತ್ತಲ್ಲ, ಯಾಕೆ ಫೋನ್ ಮಾಡಲಿಲ್ಲ ಅಂತ ಕೇಳಿದ. ಬೈಯಲಿಲ್ಲ. ಬೇಸರದಲ್ಲಿ ಕೇಳಿದ.

ಇಲ್ಲಿ ಇವನ ಕುತ್ತಿಗೆಗೆ ಹಾರ ಬೀಳುವಾಗ ಅಲ್ಲಿ ಮಧ್ಯಾಹ್ನ.

ಮಥಾಯಸ್ ಎದ್ದು ಬಂದು ಶೇನ್‌ನ ಕೆನ್ನೆಗೆ ಒಂದು ಬಿಟ್ಟ. ಹದಿನೆಂಟು ವರ್ಷದ ಮಗನಿಗೆ. "ನಾಲ್ಕು ದಿನ ಮೇಲ್ ನೋಡದೆ ಎಂತ ಮಾಡ್ತಿದ್ದಿ? ಬ್ಲೇಜರ್ ಹಾಕಿ ಕನ್ನಡಿ ನೋಡ್ತಿದ್ದಿಯಾ?"

ಶೇನ್ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಸಾರಿ ಡ್ಯಾಡಿ," ಅಂದ. ಅವನಿಗೆ ನನ್ನ ಮೇಲೆ ಒಂದು ಚೂರೂ ಸಂಶಯವಿಲ್ಲ. ನಾನು ನಡುವೆ ಹೋಗಿ ಗಂಡನ ಕೈ ಹಿಡಿದೆ. "ಬಿಡಿ, ಆದದ್ದು ಆಯ್ತು," ಅಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ನಾನು ಹೇಡಿ.

೫ ಫೆಬ್ರವರಿ, ಬುಧವಾರ, ಸಂಜೆ

ಸಹಿಯ ದಿನ. ಮಥಾಯಸ್ ಇವತ್ತೂ ಮಗನ ಹತ್ತಿರ ಮಾತಾಡಿಲ್ಲ. ಎಲಿಜಬೆತ್ ಸ್ವೀಟ್ಸ್ ಹಿಡಿದು ಬಂದಿದ್ದಳು, ತಲೆನೋವು ಅಂತ ಬಾಗಿಲಿಂದಲೇ ಕಳುಹಿಸಿದೆ.

ಆಮೇಲೆ ಶೇನ್ ಕುರ್ಚಿ ಎಳೆದು ನನ್ನ ಪಕ್ಕ ಕೂತ. ಪೆನ್ಸಿಲ್ವೇನಿಯಾದ ಕೋಚಿಗೆ ಒಂದು ಮೇಲ್ ಹಾಕಬೇಕು, ನೀನು ಟೈಪ್ ಮಾಡು ಮಮ್ಮಿ, ನಿನ್ನ ಇಂಗ್ಲಿಷ್ ಚೆನ್ನಾಗಿದೆ ಅಂದ. ಅವನು ಹೇಳಿದ, ನಾನು ಟೈಪ್ ಮಾಡಿದೆ. ನನ್ನ ಅಜಾಗರೂಕತೆಯಿಂದ ನಿಮ್ಮ ಎರಡು ದಿನ ಹಾಳಾಯಿತು. ಕ್ಷಮಿಸಿ. ಇದರಲ್ಲಿ ನನ್ನ ತಂದೆತಾಯಿಯ ತಪ್ಪು ಏನೂ ಇಲ್ಲ.

ಕೊನೆಯ ವಾಕ್ಯ ಬೇಡ ಅಂದೆ. ಇರಲಿ ಅಂದ. ನೀವು ಎಷ್ಟು ಕಷ್ಟಪಟ್ಟಿರಿ ಅಂತ ಅವರಿಗೂ ಗೊತ್ತಿರಲಿ ಅಂದ.

ಒಂದು ಅಲ್ಪವಿರಾಮ ತಿದ್ದಿದೆ. ಕಳುಹಿಸಿದೆ.

ಎದ್ದು ತನ್ನ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡಿಲ್ಲ. ಮಥಾಯಸ್ ಕೆಳಗೆ ಹೋಗಿದ್ದಾನೆ. ಮನೆಯಲ್ಲಿ ನಾವಿಬ್ಬರೇ. ಹೇಳುವುದಾದರೆ ಈಗ. ಕರೆದೆ.

ಬಂದು ನಿಂತ. "ಎಂತ ಮಮ್ಮಿ?"

ಬಾಯಿ ತೆರೆದೆ. ರಾತ್ರಿಗೆ ಚಪಾತಿ ಮಾಡಲಾ, ಅನ್ನ ಸಾಕಾ ಅಂತ ಕೇಳಿದೆ.